ಬಂಡಲ್ ಜೊತೆ ಬರುವ ಬೇಹುಗಾರ

ಮದುವೆ ಸೀಸನ್ ಹತ್ತಿರ ಬಂದರೆ ಸಾಕು, ತುಮಕೂರಿನ ಡಿಟಿಪಿ ಕೆಲಸದವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಥರದ ಮೆಸೇಜು ಓಡಾಡುತ್ತದೆ. ಐದು ಸಾವಿರ ಲಗ್ನಪತ್ರಿಕೆ ಡಿಸೈನ್, ಸಾವಿರ ಫ್ಲೆಕ್ಸ್ ಬ್ಯಾಕ್‌ಗ್ರೌಂಡ್, ಮುನ್ನೂರು ಕನ್ನಡ ಫಾಂಟ್, ಎಲ್ಲಾ ಸೇರಿದ ಬಂಡಲ್ಲಿಗೆ 99 ರೂಪಾಯಿ. ಕೊನೆಯಲ್ಲಿ ಇನ್ನೊಂದು ಸಾಲು: ಕೊಂಡವರು ತಮ್ಮ ಹೆಸರಿನಲ್ಲಿ ಮತ್ತೆ ಮಾರಬಹುದು, ಲಾಭವೆಲ್ಲ ನಿಮ್ಮದೇ.

ಕೊಳ್ಳುವವರು ಯಾರು? ಅಶೋಕ ರಸ್ತೆಯ ಜೆರಾಕ್ಸ್ ಅಂಗಡಿ ಹುಡುಗರು. ಮಕ್ಕಳನ್ನು ಸ್ಕೂಲಿಗೆ ಕಳಿಸಿ ಲ್ಯಾಪ್‌ಟಾಪ್ ತೆರೆಯುವ ಹೆಣ್ಣುಮಕ್ಕಳು. ಕಾಲೇಜು ಮುಗಿಸಿ ಸಂಜೆ ನಾಲ್ಕು ಕಾಸು ದುಡಿಯುವ ವಿದ್ಯಾರ್ಥಿಗಳು. ಅಂಗಡಿ ಬಾಡಿಗೆ ಇಲ್ಲ, ಸರಕು ಇಡಲು ಜಾಗ ಬೇಕಿಲ್ಲ, ಒಂದು ಕಂಪ್ಯೂಟರ್ ಇದ್ದರೆ ವ್ಯಾಪಾರ ನಡೆಯುತ್ತದೆ. ಒಳ್ಳೆಯ ದಾರಿಯೇ. ಆದರೆ ಈ ವ್ಯಾಪಾರದ ಸ್ವಭಾವವೇ ಅದಕ್ಕೊಂದು ಅಪಾಯ ತಂದಿಟ್ಟಿದೆ. ಗುರುತು ಪರಿಚಯವಿಲ್ಲದವರ ಫೈಲುಗಳನ್ನು ದಿನವಿಡೀ ತೆರೆಯುವುದೇ ಇಲ್ಲಿ ಕೆಲಸ. ಮನೆ ಕಂಪ್ಯೂಟರಿಗೆ ಸ್ಪೈವೇರ್, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಮು, ನುಗ್ಗುವುದೂ ಹೆಚ್ಚಾಗಿ ಅದೇ ಬಾಗಿಲಿನಿಂದ.

ಸ್ಪೈವೇರ್ ಎಂದರೆ ಹಲವರಿಗೆ ಇನ್ನೂ ಹಳೆಯ ಚಿತ್ರವೇ ಕಣ್ಮುಂದೆ ಬರುತ್ತದೆ. ಕಂಪ್ಯೂಟರ್ ನಿಧಾನವಾಗುತ್ತದೆ, ಪರದೆ ತುಂಬಾ ಜಾಹೀರಾತು ಹಾರುತ್ತದೆ, ಸರ್ವೀಸ್‌ನವರು ಬಂದು ಕ್ಲೀನ್ ಮಾಡುತ್ತಾರೆ. ಈಗಿನದು ಹಾಗಿಲ್ಲ. ಇನ್ಫೋಸ್ಟೀಲರ್ ಎಂಬ ಜಾತಿಯ ಸ್ಪೈವೇರ್ ಒಳಗೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಕೆಲವು ನಿಮಿಷಗಳಲ್ಲಿ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಕುಕಿಗಳು, ತಾನಾಗೇ ತುಂಬಿಕೊಳ್ಳುವ ವಿಳಾಸ, ಕಾರ್ಡ್ ವಿವರ, ಡೆಸ್ಕ್‌ಟಾಪ್ ಮೇಲಿನ ಕಡತಗಳು ಎಲ್ಲವನ್ನೂ ಒಂದು ಗಂಟು ಕಟ್ಟಿ ಕಳಿಸಿಬಿಡುತ್ತದೆ. ಎಷ್ಟೋ ಸಲ ಕೆಲಸ ಮುಗಿದ ಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. 2020ರಲ್ಲಿ ರೆಡ್‌ಲೈನ್ ಎಂಬುದು ಬಂತು, ಆಮೇಲೆ ಲುಮ್ಮಾ ಎಂಬುದು. ಇವನ್ನು ಬರೆದವರು ತಾವೇ ಕಳ್ಳತನಕ್ಕೆ ಇಳಿಯಬೇಕಿಲ್ಲ, ತಿಂಗಳ ಬಾಡಿಗೆಗೆ ಬೇರೆ ಕಳ್ಳರಿಗೆ ಕೊಡುತ್ತಾರೆ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯೂ ಹಲವು ದೇಶಗಳ ಪೊಲೀಸರೂ ಸೇರಿ ಲುಮ್ಮಾ ಜಾಲಕ್ಕೆ ಪೆಟ್ಟು ಕೊಟ್ಟರು. ಅದಕ್ಕೂ ಮುಂಚಿನ ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಜಾಸ್ತಿ ವಿಂಡೋಸ್ ಕಂಪ್ಯೂಟರುಗಳಿಗೆ ಅದು ಹೊಕ್ಕಿತ್ತು ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು.

ಬ್ರೌಸರಿನಲ್ಲಿಟ್ಟ ಪಾಸ್‌ವರ್ಡ್‌ಗೆ ಬೀಗ ಇರುವುದಿಲ್ಲವೇ? ಇರುತ್ತದೆ. ಆದರೆ ನೀವು ವಿಂಡೋಸ್‌ಗೆ ಲಾಗಿನ್ ಆದ ಕೂಡಲೇ ಆ ಬೀಗದ ಕೈ ನಿಮ್ಮ ಖಾತೆಯಲ್ಲಿ ಓಡುವ ಪ್ರೋಗ್ರಾಮುಗಳಿಗೆ ಸಿಗುತ್ತದೆ. ಸ್ಪೈವೇರನ್ನು ಓಡಿಸಿದ್ದೂ ನೀವೇ ಆದ್ದರಿಂದ, ವಿಂಡೋಸ್ ಕಣ್ಣಿಗೆ ಅದೂ ನಿಮ್ಮದೇ ಪ್ರೋಗ್ರಾಮು. 2024ರಲ್ಲಿ ಕ್ರೋಮ್ ಬ್ರೌಸರ್ ಇನ್ನೊಂದು ಬೀಗ ಸೇರಿಸಿತು. ಕೆಲವೇ ತಿಂಗಳಲ್ಲಿ ಕಳ್ಳರು ಅದನ್ನೂ ದಾಟಿದರು.

ಪಾಸ್‌ವರ್ಡ್‌ಗಿಂತ ಕುಕಿ ಕಳುವಾಗುವುದೇ ಕೆಟ್ಟದ್ದು. ರೈಲ್ವೆ ಸ್ಟೇಷನ್ ಸ್ಟ್ಯಾಂಡಿನಲ್ಲಿ ಸ್ಕೂಟರ್ ಬಿಟ್ಟು ಬೆಂಗಳೂರಿಗೆ ಹೋಗುವವರ ಕೈಗೆ ಒಂದು ಟೋಕನ್ ಕೊಡುತ್ತಾರಲ್ಲ, ಕುಕಿ ಅಂಥದ್ದೇ. ಟೋಕನ್ ತೋರಿಸಿದವರಿಗೆ ಗಾಡಿ. ನೀವು ಪಾಸ್‌ವರ್ಡ್ ಹಾಕಿ, ಓಟಿಪಿ ಹಾಕಿ ಒಮ್ಮೆ ಒಳಗೆ ಹೋದ ಮೇಲೆ, ಇವರನ್ನು ವಿಚಾರಿಸಿ ಆಗಿದೆ ಎಂದು ವೆಬ್‌ಸೈಟ್ ಒಂದು ಕುಕಿ ಕೊಡುತ್ತದೆ. ಅದನ್ನು ಕದ್ದವನು ಬೇರೆ ಊರಿನಲ್ಲಿ ತನ್ನ ಬ್ರೌಸರಿಗೆ ಹಾಕಿಕೊಂಡರೆ ನೇರವಾಗಿ ನಿಮ್ಮ ಇನ್‌ಸ್ಟಾಗ್ರಾಂ, ಜಿಮೇಲ್ ಅಥವಾ ಅಂಗಡಿ ಖಾತೆಯೊಳಗೆ ಇರುತ್ತಾನೆ. ಪಾಸ್‌ವರ್ಡನ್ನೂ ಓಟಿಪಿಯನ್ನೂ ಅವನನ್ನು ಯಾರೂ ಕೇಳುವುದೇ ಇಲ್ಲ. ಎರಡು ಹಂತದ ಭದ್ರತೆ ಹಾಕಿಸಿಕೊಂಡಿದ್ದರೂ ಖಾತೆ ಹೋಯಿತು ಎಂದು ಜನ ಅಳುವುದು ಇದಕ್ಕೇ.

ಕ್ಯಾತ್ಸಂದ್ರದ ಒಂದು ಮನೆಯಲ್ಲಿ ಇಂಥ ಒಂದು ಫೈಲನ್ನು ಹತ್ತಿರದಿಂದ ನೋಡಿದೆ. ಆ ಹೆಣ್ಣುಮಗಳು ಗೃಹಪ್ರವೇಶ, ನಾಮಕರಣದ ಕಾರ್ಡುಗಳನ್ನು ಮಾಡಿ ಮಾರುತ್ತಾರೆ. ಶಿರಾ ಕಡೆಯವನು ಎಂದು ಹೇಳಿಕೊಂಡ ಗಿರಾಕಿಯೊಬ್ಬ, ಇದೇ ಥರ ಕಾರ್ಡ್ ಬೇಕು ಎಂದು ಒಂದು ಜಿಪ್ ಕಳಿಸಿದ್ದ. ಅದಕ್ಕೆ ಪಾಸ್‌ವರ್ಡ್ ಬೇರೆ: ಒಂದು, ಎರಡು, ಮೂರು, ನಾಲ್ಕು. ಬಿಚ್ಚಿದರೆ ಒಳಗೆ ಫೋಟೋದ ಚಿತ್ರ ಹೊತ್ತ ಒಂದು ಫೈಲು, ಹೆಸರಿನ ಕೊನೆಯಲ್ಲಿ ಡಾಟ್ ಜೆಪಿಜಿ. ಅವರು ಅದನ್ನು ತೆರೆಯದೆ ಫೋನ್ ಮಾಡಿದ್ದರು. "ಅಣ್ಣಾ, ಜಿಪ್ ಬಂದಾಗ ನಾಲ್ಕೈದು ಎಂಬಿ ಇತ್ತು. ಈಗ ನೋಡಿದ್ರೆ ಏಳುನೂರರ ಮೇಲೆ ತೋರಿಸ್ತಿದೆ. ಒಂದು ಫೋಟೋ ಇಷ್ಟು ದೊಡ್ಡದಿರುತ್ತಾ?"

ಇರುವುದಿಲ್ಲ. ಟೈಪ್ ಎನ್ನುವ ಕಾಲಮ್ಮಿನಲ್ಲಿ ಅಪ್ಲಿಕೇಶನ್ ಎಂದಿತ್ತು. ಅಂದರೆ ಅದು ಫೋಟೋ ಅಲ್ಲ, ಪ್ರೋಗ್ರಾಮು. ನಿಜವಾದ ಹೆಸರು ಡಾಟ್ ಜೆಪಿಜಿ ಆದ ಮೇಲೂ ಮುಂದುವರಿದು ಡಾಟ್ ಇಎಕ್ಸ್‌ಇ ಎಂದು ಮುಗಿಯುತ್ತಿತ್ತು. ಫೈಲ್ ಹೆಸರಿನ ಬಾಲವನ್ನು ವಿಂಡೋಸ್ ಸಾಮಾನ್ಯವಾಗಿ ಬಚ್ಚಿಡುವುದರಿಂದ ಕಾಣಿಸುತ್ತಿರಲಿಲ್ಲ. ಪಾಸ್‌ವರ್ಡ್ ಹಾಕಿದ್ದು ಯಾಕೆಂದರೆ, ಬೀಗ ಹಾಕಿದ ಜಿಪ್‌ನ ಒಳಗಡೆ ಆಂಟಿವೈರಸ್ ಇಣುಕಿ ನೋಡಲಾರದು. ಗಾತ್ರ ಉಬ್ಬಿಸಿದ್ದಕ್ಕೂ ಕಾರಣ ಇದೆ. ಫೈಲಿನ ಕೊನೆಗೆ ಬರೀ ಸೊನ್ನೆಗಳನ್ನು ತುಂಬಿರುತ್ತಾರೆ. ಸೊನ್ನೆಗಳ ಸಾಲು ಜಿಪ್‌ನಲ್ಲಿ ಚೆನ್ನಾಗಿ ಅಡಕವಾಗುತ್ತದೆ, ಬಿಚ್ಚಿದರೆ ಹಿಗ್ಗುತ್ತದೆ. ಅಷ್ಟು ದೊಡ್ಡ ಫೈಲನ್ನು ಎಷ್ಟೋ ತಪಾಸಣೆ ಸಾಧನಗಳು ನೋಡದೆ ಬಿಟ್ಟುಬಿಡುತ್ತವೆ. ಹತ್ತಾರು ಆಂಟಿವೈರಸ್‌ಗಳಿಂದ ಒಟ್ಟಿಗೇ ಪರೀಕ್ಷೆ ಮಾಡಿಸುವ ವೈರಸ್‌ಟೋಟಲ್ ತಾಣವೂ 650 ಎಂಬಿ ದಾಟಿದ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಗಾತ್ರ ನೋಡಿ ಅನುಮಾನಪಟ್ಟ ಆ ಹೆಣ್ಣುಮಗಳ ಜಾಣ್ಮೆಗೆ ನನ್ನ ಮೆಚ್ಚುಗೆ ಇದೆ.

ಫೈಲೇ ಇಲ್ಲದೆ ನುಗ್ಗುವ ದಾರಿಯೂ ಇದೆ. ಫ್ರೀ ಡೌನ್‌ಲೋಡ್ ಎಂದು ಹುಡುಕಿಕೊಂಡು ಹೋದ ತಾಣದಲ್ಲಿ ನೀವು ರೋಬೋಟ್ ಅಲ್ಲ ಎಂದು ಸಾಬೀತು ಮಾಡಿ ಎಂಬ ಪೆಟ್ಟಿಗೆ ಬರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಹೊಡೆಯಿರಿ ಎನ್ನುತ್ತದೆ. ಆ ಪುಟ ಅಷ್ಟರಲ್ಲಿ ಒಂದು ಆಜ್ಞೆಯನ್ನು ಗುಟ್ಟಾಗಿ ನಿಮ್ಮ ಕ್ಲಿಪ್‌ಬೋರ್ಡಿಗೆ, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗಕ್ಕೆ, ಹಾಕಿರುತ್ತದೆ. ಎಂಟರ್ ಹೊಡೆದರೆ ಸ್ಪೈವೇರನ್ನು ನೀವೇ ಕೈಯಾರೆ ಕರೆದು ಕೂರಿಸಿದಂತೆ. ಲುಮ್ಮಾ ಹರಡಿದ್ದು ಹೀಗೂ ಹೌದು. ನಿಜವಾದ ಯಾವ ತಪಾಸಣೆಯೂ ಈ ಕೀಗಳನ್ನು ಒತ್ತಿ ಎಂದು ಕೇಳುವುದಿಲ್ಲ. ಮನೆಯಲ್ಲಿ ಮಕ್ಕಳಿಗೆ ಈ ಒಂದು ಮಾತನ್ನು ಇವತ್ತೇ ಹೇಳಿ.

ಒಳ್ಳೇ ಆಂಟಿವೈರಸ್ ಹಾಕಿಸಿದರೆ ಸಾಕಲ್ವಾ ಎಂದು ಕೇಳುತ್ತಾರೆ. ಸಾಲದು. ಅಮೆರಿಕದ ಫ್ರೆಡ್ ಕೊಹೆನ್ ಎಂಬ ವಿಜ್ಞಾನಿ 1980ರ ದಶಕದಲ್ಲೇ ಇದನ್ನು ಗಣಿತದಿಂದ ತೋರಿಸಿದ್ದರು: ಯಾವುದೇ ಪ್ರೋಗ್ರಾಮನ್ನು ಕೊಟ್ಟರೂ ಇದು ವೈರಸ್ ಹೌದೋ ಅಲ್ಲವೋ ಎಂದು ತಪ್ಪದೆ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ. ಹಳೆಯ ಗುರುತು ಇದ್ದದ್ದನ್ನು ಆಂಟಿವೈರಸ್ ಹಿಡಿಯುತ್ತದೆ, ನಡತೆ ನೋಡಿ ಒಂದಷ್ಟನ್ನು ಊಹಿಸುತ್ತದೆ. ಹೊಸ ವೇಷದಲ್ಲಿ ಬಂದದ್ದು ನುಸುಳಿಬಿಡಬಹುದು. ಹಾಗಂತ ಆಂಟಿವೈರಸ್ ಬೇಡ ಎಂದಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕಷ್ಟು ಚೆನ್ನಾಗಿದೆ. ಆದರೆ ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ ಎಂದು ಬಂಡಲ್ ಜೊತೆ ಚೀಟಿ ಬಂದರೆ, ಆ ಬಂಡಲನ್ನು ಅಲ್ಲೇ ಅಳಿಸಿ. ಕ್ರ್ಯಾಕ್ ಮಾಡಿದ ಫೋಟೋಶಾಪ್, ಕೋರೆಲ್‌ಡ್ರಾ, ವಿಂಡೋಸ್ ಆಕ್ಟಿವೇಟರ್‌ಗಳ ಜೊತೆ ಈ ಚೀಟಿ ಬಂದೇ ಬರುತ್ತದೆ. ಇನ್ಫೋಸ್ಟೀಲರ್‌ಗಳಿಗೆ ಇದಕ್ಕಿಂತ ಒಳ್ಳೆಯ ವಾಹನ ಬೇರಿಲ್ಲ.

ನಾನು ಎಲ್ಲರಿಗೂ ಹೇಳುವುದು ಒಂದು ಸರಳ ವ್ಯವಸ್ಥೆ. ವಿಂಡೋಸ್‌ನಲ್ಲಿ ಎರಡು ಬಳಕೆದಾರರ ಖಾತೆ ಮಾಡಿ, ಎರಡೂ ಅಡ್ಮಿನ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಖಾತೆ ಇರಲಿ. ಅಡ್ಮಿನ್ ಖಾತೆಯನ್ನು ಸಾಫ್ಟ್‌ವೇರ್ ಹಾಕುವಾಗ ಮಾತ್ರ ಮುಟ್ಟಿ. ಒಂದರಲ್ಲಿ ಬ್ಯಾಂಕು, ಇಮೇಲು, ಅಂಗಡಿ ಖಾತೆ. ಇನ್ನೊಂದರಲ್ಲಿ ಗಿರಾಕಿಗಳ ಫೈಲು, ಬಂಡಲ್ಲು, ಮಕ್ಕಳ ಆಟ. ಎರಡನೆಯದರಲ್ಲಿ ಸ್ಪೈವೇರ್ ಸಿಕ್ಕಿಕೊಂಡರೂ ಅಡ್ಮಿನ್ ಅಧಿಕಾರ ಸಿಗದ ಹೊರತು ಮೊದಲನೆಯದರ ಬ್ರೌಸರಿಗೆ ಅದು ಕೈ ಹಾಕಲಾರದು. ಬರೀ ಸ್ಟ್ಯಾಂಡರ್ಡ್ ಖಾತೆ ಮಾಡಿ ಎಲ್ಲಾ ಕೆಲಸವನ್ನೂ ಒಂದರಲ್ಲೇ ಮಾಡಿದರೆ ಪ್ರಯೋಜನ ಕಮ್ಮಿ, ಏಕೆಂದರೆ ಇನ್ಫೋಸ್ಟೀಲರ್‌ಗೆ ಆ ಖಾತೆಯ ಪಾಸ್‌ವರ್ಡ್ ಕದಿಯಲು ಅಡ್ಮಿನ್ ಅಧಿಕಾರ ಬೇಕಾಗುವುದು ಅಪರೂಪ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ ಎಂಬುದಕ್ಕೆ ಟಿಕ್ ಹಾಕಿ, ಹೆಸರಿನ ಬಾಲ ಕಾಣಲಿ. ಗಿರಾಕಿ ಕಳಿಸಿದ ಡಿಸೈನನ್ನು ಮೊದಲು ಗೂಗಲ್ ಡ್ರೈವ್‌ಗೆ ಹಾಕಿ ಅಲ್ಲೇ ನೋಡಿ. ಫೋಟೋಶಾಪಿನ ಪಿಎಸ್‌ಡಿ ಫೈಲನ್ನೂ ಅದು ತೋರಿಸುತ್ತದೆ. ಫೈಲು ಬಿಚ್ಚಿಕೊಳ್ಳುವುದು ಗೂಗಲ್‌ನ ಕಂಪ್ಯೂಟರಿನಲ್ಲಿ, ನಿಮ್ಮದರಲ್ಲಲ್ಲ. ಮತ್ತೆ, ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಈಗ ಮಾರುವ ಮಾತು. ಕೊಂಡ ಪುಸ್ತಕವನ್ನು ಓದಿ ಮಾರಿದರೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಪ್ರತಿ ಒಂದೇ, ಕೈ ಮಾತ್ರ ಬದಲಾಯಿತು. ಫೈಲು ಹಾಗೆ ಕೈ ಬದಲಾಯಿಸುವುದೇ ಇಲ್ಲ. ನಿಮ್ಮ ಡಿಸ್ಕಿನಿಂದ ಇನ್ನೊಬ್ಬರ ಡಿಸ್ಕಿಗೆ ಕಳಿಸುವುದೆಂದರೆ ಅಲ್ಲಿ ಹೊಸದೊಂದು ಪ್ರತಿ ಹುಟ್ಟುವುದು. ನಿಮ್ಮದನ್ನು ಅಳಿಸಿದರೂ ಆ ಮಾತು ಬದಲಾಗದು. ಅಮೆರಿಕದಲ್ಲಿ ರೀಡಿಜಿ ಎಂಬ ಕಂಪನಿ ಹಳೆಯ ಎಂಪಿ3 ಹಾಡುಗಳ ಮರುಮಾರಾಟಕ್ಕೆ ಹೊರಟು 2013ರಲ್ಲಿ ಕೋರ್ಟಿನಲ್ಲಿ ಸೋತದ್ದು ಈ ಕಾರಣಕ್ಕೇ, 2018ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಯುರೋಪಿನ ನ್ಯಾಯಾಲಯ 2012ರಲ್ಲಿ ಬಳಸಿದ ಸಾಫ್ಟ್‌ವೇರ್ ಲೈಸೆನ್ಸ್ ಮಾರಬಹುದು ಎಂದಿತ್ತು, 2019ರಲ್ಲಿ ಇ-ಪುಸ್ತಕಕ್ಕೆ ಅದು ಸಲ್ಲದು ಎಂದಿತು. ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರತಿ ಮಾಡುವ ಹಕ್ಕನ್ನು ಮಾಡಿದವರಿಗೇ ಇಟ್ಟಿದೆ. ಗೊತ್ತಿದ್ದೂ ಮುರಿದರೆ 63ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ.

ಹಾಗಾದರೆ ಮರುಮಾರಾಟ ಪೂರಾ ತಪ್ಪೇ? ಇಲ್ಲ. ಮಾಡಿದವರೇ ರೀಸೇಲ್ ಹಕ್ಕು ಕೊಟ್ಟು ಮಾರುವ ಡಿಸೈನುಗಳಿವೆ, ಲೈಸೆನ್ಸ್ ಪತ್ರದಲ್ಲಿ ಯಾರು, ಏನನ್ನು, ಎಷ್ಟರ ಮಟ್ಟಿಗೆ ಎಂದು ಬರೆದಿರುತ್ತಾರೆ. ಆದರೆ 99 ರೂಪಾಯಿಯ ಬಂಡಲ್ಲಿನಲ್ಲಿ ಆ ಪತ್ರ ಸಿಗುವುದಿಲ್ಲ. ಮಾರುವವನಿಗೇ ಹಕ್ಕಿಲ್ಲದ ಮೇಲೆ, ಮಾರಿಕೊಳ್ಳಿ ಎಂದು ಅವನು ಹೇಳಿದ ಮಾತಿಗೆ ಬೆಲೆ ಎಲ್ಲಿಂದ ಬರಬೇಕು? ಅವನಿಗೆ ಅದನ್ನು ಕೊಟ್ಟವನು ಯಾರು, ಅದಕ್ಕೂ ಹಿಂದೆ ಯಾರು, ನಡುವೆ ಯಾರು ಒಂದು ಇಎಕ್ಸ್‌ಇ ಸೇರಿಸಿದರು, ಪತ್ತೆ ಹಚ್ಚಲು ಆಗುವುದಿಲ್ಲ. ಹಕ್ಕಿನ ಪತ್ರ ಇಲ್ಲದ ಕಡೆಯೇ ಸ್ಪೈವೇರ್ ಇರುವ ಸಂಭವವೂ ಜಾಸ್ತಿ. ಲಗ್ನಪತ್ರಿಕೆ ಡಿಸೈನಿಗೆ ಇನ್‌ಸ್ಟಾಲ್ ಮಾಡುವ ಕೆಲಸವೇ ಇಲ್ಲ ಎಂಬುದನ್ನೂ ನೆನಪಿಡಿ. ಬಂಡಲ್ಲಿನಲ್ಲಿ ಡಾಟ್ ಇಎಕ್ಸ್‌ಇ, ಡಾಟ್ ಎಸ್‌ಸಿಆರ್, ಡಾಟ್ ಬ್ಯಾಟ್ ಎಂದು ಮುಗಿಯುವ ಯಾವುದೇ ಫೈಲಿದ್ದರೆ ಅದಕ್ಕೆ ಅಲ್ಲಿ ಇರುವ ಕಾರಣ ಏನೂ ಇಲ್ಲ.

ನನಗೆ ಬೇಜಾರಾಗುವುದು ಕನ್ನಡ ಫಾಂಟ್ ಬಂಡಲ್ ನೋಡಿದಾಗ. ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ ಎಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಸುಮ್ನೆ ಸಿಗುತ್ತವೆ. ಮುಕ್ತ ಲೈಸೆನ್ಸ್ ಇದೆ, ಅದರಲ್ಲಿ ಕಾರ್ಡ್ ಮಾಡಿ ಮಾರಲು ಯಾರ ಅಪ್ಪಣೆಯೂ ಬೇಡ. ಫಾಂಟನ್ನಷ್ಟೇ ಬಿಡಿಯಾಗಿ ಮಾರಬಾರದು ಎಂದು ಅದೇ ಲೈಸೆನ್ಸ್ ಹೇಳುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿ ಕೂಡ ಉಚಿತ. ಇಷ್ಟಿದ್ದೂ ಎಲ್ಲಿಂದಲೋ ಬಂದ ನುಡಿಯ ಸೆಟಪ್ ಫೈಲನ್ನು ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ದಾಟಿಸುತ್ತಾರೆ. ಪಿಎಸ್‌ಡಿ ತೆರೆಯಲು ಕದ್ದ ಫೋಟೋಶಾಪೂ ಬೇಕಿಲ್ಲ, ಬ್ರೌಸರಿನಲ್ಲೇ ಓಡುವ ಫೋಟೋಪಿ ಇದೆ. ಇಂಕ್‌ಸ್ಕೇಪ್ ಎಂಬ ಡಿಸೈನ್ ಸಾಫ್ಟ್‌ವೇರ್ ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುತ್ತದೆ.

ಸ್ವಂತ ಡಿಸೈನ್ ಮಾರುವವರು ಮಾಡಬಹುದಾದ ಇನ್ನೊಂದು ಕೆಲಸವಿದೆ, ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಪ್ರತಿ ಫೈಲಿನಿಂದಲೂ ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ 64 ಅಕ್ಷರಗಳ ಒಂದು ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥದ್ದು, ತೆಗೆಯಬಹುದು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆ ಇದನ್ನು ಕೂಡಲೇ ತೋರಿಸುತ್ತದೆ. ನಿಮ್ಮ ಮಾರಾಟದ ಪುಟದಲ್ಲಿ ಹ್ಯಾಶನ್ನು ಹಾಕಿಟ್ಟರೆ, ಕೊಂಡವರು ತಮ್ಮ ಕೈಗೆ ಬಂದದ್ದು ನೀವು ಕೊಟ್ಟದ್ದೇ ಹೌದೇ ಎಂದು ತಾಳೆ ನೋಡಬಹುದು. ನಡುವೆ ಯಾರಾದರೂ ಕೈಯಾಡಿಸಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಸ್ಪೈವೇರ್ ಓಡಿಬಿಟ್ಟಿದೆ ಎಂಬ ಅನುಮಾನ ಬಂದರೆ ಕೆಲಸದ ಕ್ರಮ ಮುಖ್ಯ. ಮೊದಲು ಇಂಟರ್ನೆಟ್ ಕಡಿಯಿರಿ. ಅದೇ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಾಯಿಸಬೇಡಿ, ಹೊಸದೂ ಕಳ್ಳನಿಗೇ ಹೋಗಬಹುದು. ಫೋನಿನಿಂದ ಮೊದಲು ಇಮೇಲ್ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಬ್ಯಾಂಕು, ಆಮೇಲೆ ಉಳಿದವು. ಪ್ರತಿಯೊಂದರಲ್ಲೂ ಎಲ್ಲಾ ಡಿವೈಸ್‌ಗಳಿಂದ ಲಾಗೌಟ್ ಎಂಬುದನ್ನು ಒತ್ತಿ, ಆಗಲೇ ಕದ್ದ ಕುಕಿ ಕೆಲಸಕ್ಕೆ ಬಾರದಂತಾಗುವುದು. ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸುವುದೇ ಒಳ್ಳೆಯದು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ಬರೆಯಬಹುದು. ಬಂದ ಫೈಲು, ಮೆಸೇಜು, ನಂಬರು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಮ್ಮಿಂದ ಇತ್ತೀಚೆಗೆ ಫೈಲು ಕೊಂಡವರಿಗೆಲ್ಲ, ತೆರೆಯಬೇಡಿ ಎಂದು ಆ ದಿನವೇ ತಿಳಿಸಿ. ನಾಚಿಕೆಪಟ್ಟು ಎರಡು ದಿನ ಸುಮ್ಮನಿದ್ದರೆ ಗಿರಾಕಿಗಳ ಮನೆ ಕಂಪ್ಯೂಟರಿಗೂ ಅದು ಹೋಗಿರುತ್ತದೆ.