ಅಂಟು ಬಿಟ್ಟ ಪಿಟೀಲಿಗೆ ಫೆವಿಕಾಲ್ ಹಾಕಬಹುದಾ?

ಬೇಸಿಗೆ ಬಂತೆಂದರೆ ಇದೇ ಪ್ರಶ್ನೆ. ಈ ಸಲ ಕೇಳಿದವರು ವಿಜಯಪುರದವರು: "ಅಜ್ಜನ ಪಿಟೀಲಿನ ಅಂಚು ಬಾಯಿಬಿಟ್ಟಿದೆ. ಫೆವಿಕಾಲ್ ಹಾಕಿ ಗಟ್ಟಿಯಾಗಿ ಅಂಟಿಸಲಾ?"

ಬೇಡ. ಎಷ್ಟು ಸಲ ಕೇಳಿದರೂ ನನ್ನ ಉತ್ತರ ಇದೇ.

ಅಂಟು ಗಟ್ಟಿಯಿದ್ದಷ್ಟೂ ರಿಪೇರಿ ಒಳ್ಳೆಯದು ಅನ್ನೋ ನಂಬಿಕೆ ಜನರ ತಲೆಯಿಂದ ಹೋಗುತ್ತಲೇ ಇಲ್ಲ. ಮಂಚ, ಬಾಗಿಲಿಗೆ ಅದು ಸರಿ. ಪಿಟೀಲಿನ ಮೇಲ್ಹಲಗೆ ಸ್ಪ್ರೂಸ್ ಅನ್ನೋ ಹಗುರ ಮರದ್ದು, ದಪ್ಪ ಸುಮಾರು 3 ಮಿ.ಮೀ. ಪಕ್ಕದ ಪಟ್ಟಿ ಸುಮಾರು 1 ಮಿ.ಮೀ. ಅಷ್ಟೇ. ಬೆಳಗಾವಿಯ ಮಳೆಗಾಲದಲ್ಲಿ ಈ ಹಲಗೆ ತೇವ ಕುಡಿದು ಹಿಗ್ಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಾಗಿ ಇಲ್ಲ, ಅಗಲಕ್ಕೆ ಜಾಸ್ತಿ. ಕುಗ್ಗುವಾಗ ಎಲ್ಲೋ ಒಂದು ಕಡೆ ಬಿಡಲೇಬೇಕು ಅಲ್ವಾ? ಅಂಟು ಬಿಟ್ಟರೆ ಸಣ್ಣ ರಿಪೇರಿ. ಅಂಟು ಬಿಡದೆ ಹಟ ಹಿಡಿದರೆ ಹಲಗೆಯೇ ಸೀಳುತ್ತದೆ. ನಿಮ್ಮ ಅಜ್ಜನ ಪಿಟೀಲು ಕೆಟ್ಟಿಲ್ಲ, ಹಲಗೆಯನ್ನು ಉಳಿಸಿಕೊಂಡಿದೆ.

ಅದಕ್ಕೇ ಇಲ್ಲಿ ಬೇಕಾದದ್ದು ಚರ್ಮದ ಅಂಟು, ಅಂದರೆ ಪ್ರಾಣಿಗಳ ಚರ್ಮದಿಂದ ಮಾಡಿದ ಹೈಡ್ ಗ್ಲೂ. ಅಂಟಿನ ಹರಳುಗಳನ್ನು ತಣ್ಣೀರಲ್ಲಿ ನೆನೆಸಿ. ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿ ಆಸುಪಾಸಿಗೆ ಕಾಯಿಸಿ. ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ತಂತಿ ಸ್ವಲ್ಪ ಸಡಿಲಿಸಿ, ತೆಳು ಚಾಕುವಿನಿಂದ ಅಂಟನ್ನು ಸಂದಿಗೆ ತೂರಿಸಿ, ಕ್ಲಾಂಪ್ ಹಾಕಿ, ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ರಾತ್ರಿಯಿಡೀ ಬಿಡಿ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿನೀರು ಸಾಕು. ಫೆವಿಕಾಲ್ ಹಾಕಿದ್ದನ್ನು ಬಿಚ್ಚಲು ಹೋದರೆ ಮರದ ಎಳೆಯೇ ಕಿತ್ತು ಬರುತ್ತದೆ. ಫೆವಿಕಾಲ್ ಉಳಿದ ಜಾಗದಲ್ಲಿ ಚರ್ಮದ ಅಂಟು ಆಮೇಲೆ ಹಿಡಿಯುವುದೂ ಇಲ್ಲ.

ಯಾರೂ ಕೇಳದಿದ್ದರೂ ಒಳಗಿನ ಕಂಬದ ಮಾತು ಹೇಳಿಬಿಡುತ್ತೇನೆ. ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿಗೆ ಕುದುರೆ ಅನ್ನುತ್ತಾರೆ. ಅದರ ಸಣ್ಣ ತಂತಿ ಕಡೆಯ ಕಾಲಿನ ತುಸು ಹಿಂದೆ, ಪಿಟೀಲಿನ ಒಳಗೆ, ಸುಮಾರು 6 ಮಿ.ಮೀ. ದಪ್ಪದ ಒಂದು ಕಡ್ಡಿ ನಿಂತಿರುತ್ತದೆ. ಅದಕ್ಕೆ ಯಾವ ಅಂಟೂ ಇಲ್ಲ. ಎರಡು ಹಲಗೆಗಳ ಒತ್ತಡಕ್ಕೇ ನಿಲ್ಲುತ್ತದೆ. ಅರ್ಧ ಮಿ.ಮೀ. ಸರಿದರೂ ನಾದ ಬದಲಾಗುತ್ತದೆ. ಇದಕ್ಕೂ ಫೆವಿಕಾಲ್ ಹಾಕಿದ ಪಿಟೀಲು ಕೈಗೆ ಬಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಂಬ ಬಿದ್ದು ಒಳಗೆ ಉರುಳುತ್ತಿದ್ದರೆ ತಂತಿ ಬಿಗಿಯಬೇಡಿ, ಮೇಲ್ಹಲಗೆ ಕುಸಿಯುತ್ತದೆ. ತಂತಿ ಬದಲಿಸುವಾಗಲೂ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಒತ್ತಡ ಹೋಗಿ ಕಂಬ ಬೀಳಬಹುದು; ಒಂದು ಕಟ್ಟಿದ ಮೇಲೆ ಇನ್ನೊಂದು.