ಘಾಟಿಯ ತಿರುವಿನಲ್ಲಿ ದಾರಿ ತಪ್ಪುವ ಕಿಡಿ

ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವವರಲ್ಲಿ ಹಲವರು ಮಳೆಗಾಲದ ಒಂದು ಅನುಭವವನ್ನು ಹೇಳುವುದುಂಟು. ಉಡುಪಿಯಿಂದ ಅಲ್ಲಿಯವರೆಗೆ ಯಾವ ತಕರಾರೂ ಇಲ್ಲದೆ ಬಂದ ಪೆಟ್ರೋಲ್ ಕಾರು ಏರು ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಕುಲುಕತೊಡಗುತ್ತದೆ, ಪಿಕಪ್ ಇಲ್ಲವಾಗುತ್ತದೆ, ಸಮತಟ್ಟು ಬಂದಾಗ ಮತ್ತೆ ಸರಿಯಾಗಿ ಓಡುತ್ತದೆ. ಕಳೆದ ಆಟಿ ತಿಂಗಳಲ್ಲಿ ನನ್ನ ಕಾರಿಗೂ ಹೀಗೇ ಆಯಿತು. ಜೊತೆಗಿದ್ದ ಹಿರಿಯರು, "ಈ ತಿರುವಿನ ಗುಣವೇ ಹಾಗೆ ಮಾರಾಯ್ರೆ, ಲಿಂಬೆಹಣ್ಣು ಇಟ್ಟು ಹೊರಡಬೇಕಿತ್ತು" ಎಂದರು. ಊರಿಗೆ ಮರಳಿದ ಮೇಲೆ ನೆರೆಮನೆಯವರು ಪೆಟ್ರೋಲಿಗೆ ನೀರು ಸೇರಿರಬೇಕೆಂದರು. ನೀರು ಸೇರಿದ್ದರೆ ಎಲ್ಲ ಸಿಲಿಂಡರುಗಳೂ ತೊಂದರೆ ಕೊಡುತ್ತಿದ್ದವು, ಸಮತಟ್ಟು ರಸ್ತೆಯಲ್ಲೂ ಕೊಡುತ್ತಿದ್ದವು. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಮೊದಲಿನ ಮಾತು. ತಪ್ಪನ್ನು ತಿರುವಿನ ಮೇಲೆ ಹೊರಿಸಿದವರು ಬಾನೆಟ್ ತೆರೆದು ನೋಡುವ ಗೋಜಿಗೇ ಹೋಗುವುದಿಲ್ಲ.

ತಿರುವಿಗೂ ಮಿಸ್ಸಿಂಗಿಗೂ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ ಇಂಜಿನ್ ಕುಲುಕುವುದಕ್ಕೂ, ಸಂಬಂಧವಿರುವುದು ನಿಜ, ಆ ಸಂಬಂಧ ಸಿಲಿಂಡರಿನೊಳಗಿನ ಗಾಳಿಯ ಸಾಂದ್ರತೆಯದು. ಇಗ್ನಿಷನ್ ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಹಲವು ಸಾವಿರ ವೋಲ್ಟಿಗೆ ಏರಿಸುತ್ತದೆ. ಆ ವೋಲ್ಟೇಜ್ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುವ ಸುಮಾರು ಒಂದು ಮಿಲಿಮೀಟರಿನ ಗ್ಯಾಪ್ ದಾಟಿದಾಗ ಪೆಟ್ರೋಲ್ ಹೊತ್ತಿಸುವ ಕಿಡಿ ಹುಟ್ಟುತ್ತದೆ. ಹೊರಗಿನ ಸಾಮಾನ್ಯ ಗಾಳಿಯಲ್ಲಿ ಈ ಅಂತರ ದಾಟಲು ಮೂರು ನಾಲ್ಕು ಸಾವಿರ ವೋಲ್ಟ್ ಸಾಕು. ಆದರೆ ಗಾಳಿಯನ್ನು ಒತ್ತಿ ದಟ್ಟವಾಗಿಸಿದಷ್ಟೂ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕೆಂಬುದನ್ನು ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಖ್ ಪಾಶೆನ್ 1889ರಲ್ಲೇ ತೋರಿಸಿಕೊಟ್ಟಿದ್ದರು. ಉಡುಪಿಯ ಪರ್ಯಾಯ ಉತ್ಸವದ ರಾತ್ರಿ ರಥಬೀದಿಯಲ್ಲಿ ಓಡಲು ಹೊರಟ ಹುಡುಗನನ್ನು ನೆನೆಯಿರಿ. ಬೀದಿ ಖಾಲಿಯಿದ್ದ ದಿನ ಅವನು ವೇಗ ಪಡೆಯುತ್ತಾನೆ. ಜನ ಕಿಕ್ಕಿರಿದಾಗ ಎರಡು ಹೆಜ್ಜೆಗೊಮ್ಮೆ ಯಾರಿಗಾದರೂ ತಗಲಿ ನಿಲ್ಲುತ್ತಾನೆ. ಎಲೆಕ್ಟ್ರಾನಿನ ಪಾಡೂ ಅದೇ. ಎದುರಾದ ಅಣುವಿನಿಂದ ಇನ್ನೊಂದು ಎಲೆಕ್ಟ್ರಾನನ್ನು ಕಿತ್ತೆಬ್ಬಿಸುವಷ್ಟು ವೇಗವನ್ನು ಅದು ಎರಡು ಡಿಕ್ಕಿಗಳ ನಡುವೆಯೇ ಗಳಿಸಬೇಕು.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗುತ್ತದೆ, ಪಿಸ್ಟನ್ ಅದನ್ನು ಹಲವು ಪಟ್ಟು ದಟ್ಟವಾಗಿಸುತ್ತದೆ, ಅದೇ ಗ್ಯಾಪಿಗೆ ಈಗ ಹದಿನೈದು ಇಪ್ಪತ್ತು ಸಾವಿರ ವೋಲ್ಟ್ ಬೇಕಾಗುತ್ತದೆ. ನಮ್ಮ ತೋಡುಗಳ ಕಿಂಡಿ ಅಣೆಕಟ್ಟು ನೋಡಿದವರಿಗೆ ಮುಂದಿನದು ಸುಲಭವಾಗಿ ಹೊಳೆಯುತ್ತದೆ. ಕೆಳಗಿನ ಎರಡು ಹಲಗೆ ಮಾತ್ರ ಹಾಕಿದ್ದಾಗ ನೀರು ಮೇಲಿನಿಂದ ಸರಾಗ ಹರಿಯುತ್ತದೆ, ಹಲಗೆಯ ಸಂದಿನ ಸೋರಿಕೆ ಗಮನಕ್ಕೇ ಬರುವುದಿಲ್ಲ. ಹಲಗೆಯ ಮೇಲೆ ಹಲಗೆ ಏರಿಸಿದರೆ ನೀರು ಎತ್ತರಕ್ಕೆ ನಿಂತು ಎಲ್ಲಿ ದುರ್ಬಲ ಸಂದಿದೆಯೋ ಅಲ್ಲಿಂದ ಚಿಮ್ಮುತ್ತದೆ. ಕಾಯಿಲಿನ ವೋಲ್ಟೇಜ್ ಕೂಡ ಪ್ಲಗ್ಗಿನ ಗ್ಯಾಪ್ ದಾಟಲಾರದೆ ಏರುತ್ತಾ ಹೋಗಿ, ಪ್ಲಗ್ ಕ್ಯಾಪಿನ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದರ ಮೂಲಕ ಇಂಜಿನಿನ ಲೋಹಕ್ಕೆ ಹಾರಿಬಿಡುತ್ತದೆ. ಕಿಡಿ ಹುಟ್ಟಿದೆ, ಹುಟ್ಟಬೇಕಾದ ಜಾಗದಲ್ಲಿ ಹುಟ್ಟಿಲ್ಲ.

ಆದ್ದರಿಂದಲೇ ಪ್ಲಗ್ ಬಿಚ್ಚಿ, ಇಂಜಿನಿಗೆ ತಾಗಿಸಿ, ಸೆಲ್ಫ್ ಹೊಡೆದು "ಸ್ಪಾರ್ಕ್ ಚೆನ್ನಾಗಿದೆ" ಎಂದು ತೀರ್ಪು ಕೊಡುವ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಹೊರಗಿನ ಗಾಳಿಯಲ್ಲಿ ಕಡಿಮೆ ವೋಲ್ಟೇಜೇ ಸಾಕಾಗುವುದರಿಂದ ಅದು ಎರಡು ಹಲಗೆಯ ಅಣೆಕಟ್ಟನ್ನು ನೋಡಿ ಸೋರಿಕೆಯಿಲ್ಲವೆಂದು ಹೇಳಿದಂತೆ.

ಈ ಸೋರಿಕೆ ಮೋಟಾರು ವಾಹನದಷ್ಟೇ ಹಳೆಯದು. 1888ರ ಆಗಸ್ಟಿನಲ್ಲಿ ಬರ್ಟಾ ಬೆಂಝ್ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಗಂಡನ ಮೂರು ಚಕ್ರದ ವಾಹನವನ್ನು ನಡೆಸಿಕೊಂಡು ಹೋದಾಗ, ದಾರಿಯಲ್ಲಿ ಹೊದಿಕೆ ಸವೆದಿದ್ದ ಇಗ್ನಿಷನ್ ತಂತಿಗೆ ತಮ್ಮ ಕಾಲುಚೀಲದ ಪಟ್ಟಿಯನ್ನೇ ಸುತ್ತಿ ಪ್ರಯಾಣ ಮುಂದುವರಿಸಿದರೆಂಬ ಕಥೆ ಪ್ರಸಿದ್ಧವಾಗಿದೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಉಪ್ಪು ಸೇರುತ್ತದೆ. ಗಾಳಿಯ ತೇವ ಸುಮಾರು 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೆಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದ ಎಲ್ಲರಿಗೂ ಇದು ಗೊತ್ತು. ಮಲ್ಪೆ, ಪಣಂಬೂರಿನ ಗಾಳಿ ತಂದ ಉಪ್ಪು ಪ್ಲಗ್ ವೈರಿನ ಧೂಳಿನಲ್ಲಿ ಸೇರಿಕೊಂಡಿದ್ದರೆ, ಹನಿ ಮಳೆ ಬೀಳದೆಯೂ ಅಲ್ಲೊಂದು ಕರೆಂಟು ಹರಿಯುವ ಪದರ ಸಿದ್ಧವಾಗುತ್ತದೆ. ಒಮ್ಮೆ ಕಿಡಿ ಆ ದಾರಿಯಲ್ಲಿ ಹರಿದರೆ ರಬ್ಬರ್ ಸುಟ್ಟು ಇಂಗಾಲದ ಗೆರೆ ಉಳಿಯುತ್ತದೆ. ಇಂಗಾಲವೂ ವಿದ್ಯುತ್ ವಾಹಕವಾದ್ದರಿಂದ ಒಣಗಿಸಿದರೂ ದೋಷ ಹೋಗುವುದಿಲ್ಲ.

ಪ್ಲಗ್ ವೈರುಗಳಿರುವ ಹಳೆಯ ಕಾರಿನಲ್ಲಿ ಪತ್ತೆ ಸುಲಭ. ಕತ್ತಲಲ್ಲಿ ಇಂಜಿನ್ ಚಾಲೂ ಮಾಡಿ, ಬಾನೆಟ್ ತೆರೆದು, ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ದೂರ ನಿಂತು ವೈರುಗಳ ಮೇಲೆ ಮಂಜಿನಂತೆ ನೀರು ಚಿಮುಕಿಸಿದರೆ, ಸೋರುವ ಜಾಗದಲ್ಲಿ ನೀಲಿ ಎಳೆ ಮಿನುಗುತ್ತದೆ, ಟಿಕ್ ಟಿಕ್ ಸದ್ದು ಕೇಳಿಸುತ್ತದೆ. ಇಂಜಿನ್ ಓಡುತ್ತಿರುವಾಗ ವೈರನ್ನು ಕೈಯಿಂದ ಕೀಳುವುದು ಮಾತ್ರ ಕೂಡದು. ನಿಮಗೂ ಅಪಾಯ, ಕಾಯಿಲಿಗೂ ಅಪಾಯ. ನನ್ನ ಕಾರಿನಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದು ಕಾಯಿಲ್ ಕೂರುವುದರಿಂದ ಕಿಡಿ ಕಣ್ಣಿಗೆ ಬೀಳುವಂತಿರಲಿಲ್ಲ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0303 ತೋರಿಸಿತು, ಅಂದರೆ ಮಿಸ್ಸಿಂಗ್ ಇರುವುದು ಮೂರನೆಯ ಸಿಲಿಂಡರಿನಲ್ಲಿ. ಅದರ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರಕ್ಕೆ ಬದಲಿಸಿ ಏರಿನಲ್ಲಿ ಓಡಿಸಿದಾಗ ಕೋಡು ಪಿ0302 ಆಯಿತು. ದೋಷ ಕಾಯಿಲಿನ ಜೊತೆಗೇ ನಡೆದುಹೋಗಿತ್ತು.

ಆ ಕಾಯಿಲಿನ ರಬ್ಬರ್ ಕ್ಯಾಪಿನೊಳಗೆ ಟಾರ್ಚ್ ಹಿಡಿದಾಗ ಸೂಜಿಮೊನೆಯಷ್ಟು ತೂತೂ, ಮೂರನೆಯ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆಯೂ ಕಂಡವು. ಪಿಂಗಾಣಿಯ ಬುಡದಲ್ಲಿ ಸುತ್ತಲೂ ಕಾಣುವ ಕಂದು ಬಣ್ಣದ ಕಲೆಯನ್ನು ಕೆಲವರು ಸೋರಿಕೆಯೆಂದು ತಿಳಿಯುತ್ತಾರೆ. ಅದು ಅಲ್ಲಿನ ವಿದ್ಯುತ್ ಕ್ಷೇತ್ರ ಸೆಳೆದ ಎಣ್ಣೆ ಧೂಳಿನ ಗುರುತು, ನಿರಪಾಯಕಾರಿ. ಚಿಂತಿಸಬೇಕಾದದ್ದು ಉದ್ದದ ಕಪ್ಪು ಗೆರೆಗೆ.

ಕ್ಯಾಪ್ ಒಂದನ್ನೇ ಬದಲಿಸುವ ಮುನ್ನ ಹಳೆಯ ಪ್ಲಗ್ಗಿಗೆ, ಸಂದಿನ ಅಗಲ ಅಳೆಯುವ ಫೀಲರ್ ಗೇಜ್ ಹಿಡಿದು ನೋಡಿದೆ. ಕೈಪಿಡಿಯಲ್ಲಿ 0.8 ಮಿ.ಮೀ. ಎಂದಿದ್ದ ಗ್ಯಾಪ್ ಸವೆದು 1.3 ಆಗಿತ್ತು. ಅಷ್ಟು ಅಗಲವಾದ ಗ್ಯಾಪ್ ದಾಟಲು ಏರಿದ ವೋಲ್ಟೇಜೇ ರಬ್ಬರನ್ನು ತೂತು ಮಾಡಿತ್ತು. ಆ ಪ್ಲಗ್ ಉಳಿದಿದ್ದರೆ ಹೊಸ ಕ್ಯಾಪಿಗೂ ಅದೇ ಗತಿಯಾಗುತ್ತಿತ್ತು. ನಾಲ್ಕೂ ಪ್ಲಗ್ ಮತ್ತು ಆ ಒಂದು ಕ್ಯಾಪ್ ಹೊಸದಾಗಿ ಹಾಕಿಸಿದೆ. ಚೆಕ್ ಇಂಜಿನ್ ದೀಪ ಮಿಣುಕುವಾಗಲೂ ಹಾಗೆಯೇ ಓಡಿಸಿದ್ದರೆ, ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿದ್ದು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸುವ ಸಂಭವವಿತ್ತು. ಅದರ ಬೆಲೆಯ ಮುಂದೆ ಪ್ಲಗ್ಗಿನ ಬೆಲೆ ಏನೇನೂ ಅಲ್ಲ.