ಬೀಡು ಕಬ್ಬಿಣ ಎಲ್ಲಿ ಬಿರಿಯುತ್ತದೆ?

‘ಈ ಬ್ಲಾಕ್ ಎಷ್ಟು ಹಾರ್ಸ್‌ಪವರ್ ತಡೆಯುತ್ತೆ?’ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಇರುವ ಗಾಡಿಗೆ ರಿಮ್ಯಾಪ್ ಮಾಡಿಸಲು, ಅಂದರೆ ಶಕ್ತಿ ಏರಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಲು, ಹೊರಟವರು ಬಳ್ಳಾರಿಯಲ್ಲಿರಲಿ, ಗಂಗಾವತಿಯಲ್ಲಿರಲಿ, ಮೊದಲು ಕೇಳುವುದು ಇದನ್ನೇ. ಒಬ್ಬ ಮೆಕ್ಯಾನಿಕ್ 400 ಅನ್ನುತ್ತಾನೆ, ಇನ್ನೊಬ್ಬ 600 ಅನ್ನುತ್ತಾನೆ. ನನಗೆ ಈ ಪ್ರಶ್ನೆ ಕೇಳಿದರೇ ರೇಗುತ್ತದೆ. ಬ್ಲಾಕು ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲು, ನಾನು ಹೇಳುತ್ತಿರುವುದು ಬೀಡಿನಲ್ಲಿ (ಎರಕದ ಕಬ್ಬಿಣದಲ್ಲಿ) ಹೊಯ್ದದ್ದು. ಅದಕ್ಕೆ ಹಾರ್ಸ್‌ಪವರ್ ಕಟ್ಟಿಕೊಂಡು ಏನಾಗಬೇಕು?

ಲೆಕ್ಕ ನೋಡಿ. 7000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 7000 ಸುತ್ತು) 400 ಹಾರ್ಸ್‌ಪವರ್ ಬರಬೇಕಾದರೆ ಟಾರ್ಕ್ (ತಿರುಗಿಸುವ ಬಲ) ಸುಮಾರು 407 ನ್ಯೂಟನ್ ಮೀಟರ್ ಇದ್ದರೆ ಸಾಕು. ಅದೇ 400 ಅನ್ನು 3500ರಲ್ಲೇ ಕೊಡು ಅಂದರೆ ಟಾರ್ಕ್ ಎರಡು ಪಟ್ಟು ಬೇಕು, ಅಂದರೆ ಸಿಲಿಂಡರಿನೊಳಗಿನ ಒತ್ತಡವೂ ಹೆಚ್ಚುಕಡಿಮೆ ಎರಡು ಪಟ್ಟು. ಬ್ಲಾಕನ್ನು ಸೀಳುವುದು ಈ ಒತ್ತಡ. ಆರ್‌ಪಿಎಂ ಏರಿಸಿದರೆ ಬೇರೆ ಕಾಟ ಶುರುವಾಗುತ್ತದೆ, ಆದರೆ ಅದರ ಪೆಟ್ಟು ಮೊದಲು ಬೀಳುವುದು ಪಿಸ್ಟನ್ನನ್ನು ಕೆಳಗಿನ ತಿರುಗುವ ದಂಡಕ್ಕೆ (ಕ್ರ್ಯಾಂಕಿಗೆ) ಜೋಡಿಸುವ ಕನೆಕ್ಟಿಂಗ್ ರಾಡ್ ಮತ್ತು ಅದರ ಬೋಲ್ಟಿಗೆ.

ಒತ್ತಡ ಎಷ್ಟಿರುತ್ತದೆ? ಟೊಯೋಟಾ ಸುಪ್ರಾದ 2ಜೆಝಡ್ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳ ಅಗಲ) 86 ಮಿ.ಮೀ. ಟರ್ಬೊ ಎಂಜಿನ್ನಿನಲ್ಲಿ ಪೆಟ್ರೋಲು ಉರಿದಾಗ ಒತ್ತಡ 120 ಬಾರ್‌ಗೆ (ಹೊರಗಿನ ಗಾಳಿಯ ಒತ್ತಡದ ಸುಮಾರು 120 ಪಟ್ಟು) ಏರಿತು ಅಂದುಕೊಳ್ಳಿ. ಆಗ ಒಂದು ಪಿಸ್ಟನ್ ಮೇಲೆ ಬೀಳುವುದು ಸುಮಾರು 7 ಟನ್ ಭಾರ. 6000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 50 ಸಲ.

ಜಾಸ್ತಿ ಜನ ಎಡವುವುದು ಇಲ್ಲೇ. ಬ್ಲಾಕನ್ನು ಈ ಭಾರ ಜಜ್ಜುತ್ತದೆ ಅಂದುಕೊಳ್ಳುತ್ತಾರೆ. ಜಜ್ಜುವುದಲ್ಲ, ಎಳೆಯುತ್ತದೆ. ಒತ್ತಡ ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ಮೇಲಕ್ಕೆ ದೂಡುತ್ತದೆ, ಹೆಡ್ ಬೋಲ್ಟುಗಳು ಬ್ಲಾಕನ್ನು ಹಿಡಿದು ಮೇಲಕ್ಕೆ ಎಳೆಯುತ್ತವೆ. ಅದೇ ಹೊತ್ತಿಗೆ ಪಿಸ್ಟನ್, ರಾಡ್ ಮೂಲಕ ಕ್ರ್ಯಾಂಕನ್ನು ಕೆಳಕ್ಕೆ ಒದೆಯುತ್ತದೆ. ಕ್ರ್ಯಾಂಕನ್ನು ಹಿಡಿದಿರುವ ಮೇನ್ ಬೇರಿಂಗ್ ಕ್ಯಾಪಿನ ಬೋಲ್ಟುಗಳು ಬ್ಲಾಕನ್ನು ಕೆಳಕ್ಕೆ ಎಳೆಯುತ್ತವೆ. ನಡುವೆ ಸಿಕ್ಕ ಬೀಡಿಗೆ ಎರಡೂ ಕಡೆಯಿಂದ ಜಗ್ಗಾಟ.

ಬೀಡು ಕಬ್ಬಿಣಕ್ಕೆ ಆಗದ ಕೆಲಸವೇ ಅದು. ಒತ್ತಿದರೆ ಬಹಳ ತಡೆಯುತ್ತದೆ, ಎಳೆದರೆ ಆ ಬಲದ ಕಾಲುಭಾಗಕ್ಕೋ, ಮೂರನೇ ಒಂದು ಭಾಗಕ್ಕೋ ಬಿರಿಯುತ್ತದೆ. ಕಾರಣ ಗ್ರಾಫೈಟ್. ಎರಕ ಆರುವಾಗ ಇಂಗಾಲ ಸಣ್ಣ ಸಣ್ಣ ಹಾಳೆಗಳಾಗಿ ಕಬ್ಬಿಣದ ಒಳಗೆ ಕೂರುತ್ತದೆ. ಹಾಳೆಯ ಚೂಪು ತುದಿಯಲ್ಲಿ ಎಳೆತವೆಲ್ಲ ಒಟ್ಟಾಗುತ್ತದೆ. ಶಾಂಪೂ ಪಾಕೀಟಿನ ಅಂಚಿಗೆ ಒಂದು ಕಚ್ಚು ಇರುತ್ತದಲ್ಲ, ಅದರಿಂದ ಪಾಕೀಟು ಸರಕ್ಕನೆ ಹರಿಯುತ್ತದಲ್ಲ, ಹಾಗೆ. ಒತ್ತಿದಾಗ ಮಾತ್ರ ಆ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಇದೇ ಗ್ರಾಫೈಟ್ ಅದುರನ್ನು ನುಂಗುತ್ತದೆ, ಬೋರಿಂಗ್ ಮಾಡುವವನ ಕೆಲಸ ಹಗುರ ಮಾಡುತ್ತದೆ. ಅದಕ್ಕೇ ನೂರು ವರ್ಷವಾದರೂ ಬೀಡಿನ ಬ್ಲಾಕು ಬಳಕೆಯಿಂದ ಹೋಗಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿರುವ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲೂ ಸಿಲಿಂಡರ್ ಬ್ಲಾಕು, ಹೆಡ್ಡುಗಳ ಎರಕ ಹೊಯ್ಯುತ್ತಾರೆ.

ಫೋರ್ಡ್‌ನ ಹಳೆಯ 5 ಲೀಟರಿನ ವಿ8 ಬ್ಲಾಕು 500 ಹಾರ್ಸ್‌ಪವರಿನ ಆಸುಪಾಸಿನಲ್ಲಿ ಉದ್ದಕ್ಕೆ ಸೀಳಿ ಎರಡು ಹೋಳಾಗುವುದಕ್ಕೆ ಹೆಸರುವಾಸಿ. ಅದೂ ಬೀಡೇ, 2ಜೆಝಡ್ ಕೂಡ ಬೀಡೇ. ಆದರೆ 2ಜೆಝಡ್‌ನಲ್ಲಿ ಆರು ಸಿಲಿಂಡರಿಗೆ ಏಳು ಮೇನ್ ಬೇರಿಂಗು, ಹೆಡ್ ಕೂರುವ ಮೇಲ್ಭಾಗ (ಡೆಕ್ಕು) ಮುಚ್ಚಿದ್ದು. ಕಂಪನಿಯಿಂದ 280 ಪಿಎಸ್‌ಗೆ (ಹೆಚ್ಚುಕಡಿಮೆ ಅಷ್ಟೇ ಹಾರ್ಸ್‌ಪವರ್) ಬಂದ ಬ್ಲಾಕು ಅದರ ಎರಡು ಪಟ್ಟನ್ನು ಸಲೀಸಾಗಿ ಹೊರುತ್ತದೆ.

ಬೀಡಿನ ಬಗ್ಗೆ ನನಗೆ ತುಂಬಾ ಇಷ್ಟದ ಕಥೆ ಬಿಎಂಡಬ್ಲ್ಯೂದು. 1983ರಲ್ಲಿ ನೆಲ್ಸನ್ ಪಿಕೆಯನ್ನು ಫಾರ್ಮುಲಾ ಒನ್ ಚಾಂಪಿಯನ್ ಮಾಡಿದ 1.5 ಲೀಟರಿನ ಟರ್ಬೊ ಎಂಜಿನ್ನಿಗೆ ರಸ್ತೆ ಕಾರಿನ ಬೀಡಿನ ಬ್ಲಾಕೇ ಆಧಾರ. ಮುಂದೆ ಅದು ಅರ್ಹತಾ ಸುತ್ತುಗಳಲ್ಲಿ 1000 ಹಾರ್ಸ್‌ಪವರ್ ದಾಟಿತು. ಎಂಜಿನಿಯರ್ ಪಾಲ್ ರೋಶೆ ತಂಡಕ್ಕೆ ಓಡಿ ಹಳತಾದ ಬ್ಲಾಕುಗಳೇ ಬೇಕಿತ್ತಂತೆ. ಅವನ್ನು ಮಳೆಗೆ ಬಿಟ್ಟು, ಮೇಲೆ ಮೂತ್ರ ಮಾಡಿ ಗಟ್ಟಿ ಮಾಡುತ್ತಿದ್ದರು ಅನ್ನುವ ಕಥೆಯೂ ಇದೆ. ಮೂತ್ರದಲ್ಲಿ ಯಾವ ಮಹಿಮೆಯೂ ಇಲ್ಲ ಬಿಡಿ. ಎರಕ ಆರುವಾಗ ದಪ್ಪ ಭಾಗ, ತೆಳು ಭಾಗ ಒಂದೇ ವೇಗದಲ್ಲಿ ತಣ್ಣಗಾಗುವುದಿಲ್ಲ, ಒಳಗೆ ಎಳೆತ ಉಳಿದುಬಿಡುತ್ತದೆ. ಸಾವಿರಾರು ಸಲ ಕಾದು ಆರಿದ ಬ್ಲಾಕಿನಲ್ಲಿ ಅದು ಸಡಿಲವಾಗಿರುತ್ತದೆ. ಈಗ ಅದೇ ಕೆಲಸಕ್ಕೆ ಸುಮಾರು 550 ಡಿಗ್ರಿಯ ಕುಲುಮೆ ಇದೆ. ನಿಂಬೆಹಣ್ಣಂತೂ ಬೇಕಿಲ್ಲ.

ಬಳ್ಳಾರಿ, ರಾಯಚೂರಿನವರಿಗೆ ಇನ್ನೊಂದು ಪೀಡೆ ಬೇಸಿಗೆ. 40 ಡಿಗ್ರಿ ದಾಟಿದ ಗಾಳಿಯನ್ನು ಟರ್ಬೊ ಒತ್ತಿದಾಗ ಅದು ಇನ್ನೂ ಕಾಯುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸಣ್ಣದಿದ್ದರೆ ಪೆಟ್ರೋಲು ಎಂಜಿನ್ನಿನಲ್ಲಿ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಶುರು. ಆಗ ಒತ್ತಡ ಗಕ್ಕನೆ ಜಿಗಿಯುತ್ತದೆ. ಪಿಸ್ಟನ್ನಿನ ರಿಂಗ್ ಕೂರುವ ಜಾಗವೋ, ಹೆಡ್ ಗ್ಯಾಸ್ಕೆಟ್ಟೋ ಮೊದಲು ಹೋಗುತ್ತದೆ. ಜನವರಿಯಲ್ಲಿ ಚೆನ್ನಾಗಿ ಓಡಿದ ಮ್ಯಾಪು ಏಪ್ರಿಲ್‌ನಲ್ಲಿ ಎಂಜಿನ್ ಇಳಿಸುವಂತೆ ಮಾಡಬಹುದು.

ಹಳೆಯ ಬ್ಲಾಕನ್ನು ಓವರ್‌ಸೈಜ್ ಬೋರಿಂಗ್ ಮಾಡಿಸಿ ಟರ್ಬೊ ಬೂಸ್ಟ್ (ಗಾಳಿ ತುಂಬುವ ಒತ್ತಡ) ಏರಿಸುವವರಿಗೆ ಒಂದು ಮಾತು. ಬೋರ್ 1 ಮಿ.ಮೀ. ದೊಡ್ಡದಾದರೆ ಸುತ್ತಲಿನ ಗೋಡೆ ಅರ್ಧ ಮಿ.ಮೀ. ತೆಳುವಾಗುತ್ತದೆ. ಎರಕ ಹೊಯ್ಯುವಾಗ ಒಳಗಿನ ಮರಳಿನ ಕೋರ್ ಸ್ವಲ್ಪ ಸರಿದಿದ್ದರೆ ಒಂದು ಕಡೆ ಮೊದಲೇ ತೆಳುವಾಗಿರುತ್ತದೆ. ಕೆಳಗಿಳಿಯುವ ಪಿಸ್ಟನ್ ಒರಗುವ ಕಡೆಯೇ ತೆಳುವಾಗಿದ್ದರೆ ಬಿರುಕು ಅಲ್ಲೇ ಬೀಳುತ್ತದೆ. ಲೇತಿಗೆ ಕೊಡುವ ಮೊದಲು ಅಲ್ಟ್ರಾಸಾನಿಕ್ ಗೇಜ್ ಇರುವವರಿಂದ ಆ ಕಡೆಯ ಗೋಡೆ ಅಳತೆ ಮಾಡಿಸಿ. ಗೇಜ್ ಇಲ್ಲ ಅಂದರೆ ಬೇರೆ ವರ್ಕ್‌ಶಾಪ್ ನೋಡಿ.